ಇಂಜಿನಿಯರಿಂಗ್ ತರಗತಿಯಲ್ಲಿ ದಾಸ್ತಾನಿನ ಪಾಠ

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2025ನೇ ಇಸವಿಯನ್ನು ಕೃತಕ ಬುದ್ಧಿಮತ್ತೆಯ ವರ್ಷವೆಂದು ಘೋಷಿಸಿತು. ಈ ವಿದ್ಯೆ ಕಲಿತ ಪದವೀಧರರು ನಮ್ಮ ಘಟಕಗಳಿಗೂ ಬರುತ್ತಾರೆ. ಅವರಿಗೆ ಉಗ್ರಾಣದ ಲೆಕ್ಕ ತಿಳಿದಿರುವುದೇ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

ಪಂಪು ತಯಾರಿಸುವ ಘಟಕವೊಂದರಲ್ಲಿ ದಿನಕ್ಕೆ 40 ಬೇರಿಂಗ್‌ಗಳು ಬೇಕೆಂದು ಭಾವಿಸೋಣ. ಆದೇಶ ನೀಡಿದ 6 ದಿನಗಳಲ್ಲಿ ಸರಕು ಬರುವುದಾದರೆ ಅಷ್ಟು ದಿನಗಳಿಗೆ 240, ಮುನ್ನೆಚ್ಚರಿಕೆಯ ದಾಸ್ತಾನು 60. ಒಟ್ಟು 300ಕ್ಕೆ ಇಳಿದೊಡನೆ ಮರು ಆದೇಶ ನೀಡಬೇಕು. ಈ ಲೆಕ್ಕವನ್ನು ತಂತ್ರಾಂಶವೇ ಮಾಡುತ್ತದೆ. ಆದರೆ ಸರಕು ಬರಲು ವಾಸ್ತವವಾಗಿ 10 ದಿನ ಹಿಡಿಯುತ್ತಿದ್ದರೆ ಬೇಕಾದದ್ದು 460. ದಾಖಲೆಯಲ್ಲಿ 6 ಎಂದೇ ಉಳಿದಿದ್ದರೆ, ಆ ದಾಖಲೆಯನ್ನೇ ನಂಬಿದ ಕೃತಕ ಬುದ್ಧಿಮತ್ತೆಯೂ 300 ಎಂದೇ ಉತ್ತರಿಸುತ್ತದೆ. ಎಂಟನೆಯ ದಿನ ಮಧ್ಯಾಹ್ನ ಜೋಡಣೆ ನಿಲ್ಲುತ್ತದೆ.

ಈ ದೋಷವನ್ನು ಗುರುತಿಸಲು ತರಗತಿಯಲ್ಲಿಯೇ ಕಲಿಸಬಹುದು. ಇ.ಆರ್.ಪಿ.ನೆಕ್ಸ್ಟ್ ಎಂಬ ಭಾರತೀಯ ಮುಕ್ತ ತಂತ್ರಾಂಶವನ್ನು ಪರವಾನಗಿ ಶುಲ್ಕವಿಲ್ಲದೆ ಕಾಲೇಜಿನ ಗಣಕಯಂತ್ರದಲ್ಲಿ ಅಳವಡಿಸಿಕೊಳ್ಳಲು ಸಾಧ್ಯ. ವಿದ್ಯಾರ್ಥಿಯು ಖರೀದಿ ಆದೇಶದ ದಿನಾಂಕವನ್ನು ಸರಕು ಸ್ವೀಕೃತಿಯ ದಿನಾಂಕದೊಡನೆ ತಾಳೆ ನೋಡಿದ ಬಳಿಕವಷ್ಟೇ ಯಂತ್ರದ ಮುನ್ಸೂಚನೆಯನ್ನು ಒಪ್ಪಬೇಕು. ಅಂಕಗಳು ಆ ತಾಳೆಗೆ ಸಲ್ಲಬೇಕು.

ಪಠ್ಯಪುಸ್ತಕದಲ್ಲಿ ಸರಕು ಎಂದೂ ತಡವಾಗುವುದಿಲ್ಲ. ತಡವಾದ ಸರಕಿನ ದಾಖಲೆಗಳಿರುವುದು ನಮ್ಮ ಬಳಿ. ಪೂರೈಕೆದಾರರ ಹೆಸರು ಹಾಗೂ ದರಗಳನ್ನು ತೆಗೆದು, ಎರಡು ವರ್ಷಗಳ ಹಳೆಯ ಖರೀದಿ ವಿವರಗಳನ್ನು ಸಮೀಪದ ಕಾಲೇಜಿಗೆ ಒದಗಿಸಲು ಸದಸ್ಯರು ಮುಂದಾಗಬೇಕು.