ಮರೆತ ಬ್ಯಾಂಡು, ಸಿಗದ ರೆಕಾರ್ಡು: ಪುಣೆಯಲ್ಲಿ ಬೇಟೆಗಿಳಿಯುವವರಿಗೆ ಹನ್ನೊಂದು ಸೂತ್ರ

ಬೀಟಲ್ಸ್ ಗಾಳಿ ಬೀಸಿದ ಮೇಲೆ ನಮ್ಮ ಕಾಲೇಜು ಹುಡುಗರೂ ಗಿಟಾರ್ ಹಿಡಿದರು. ಮೂರು ನಿಮಿಷದ ಹಾಡು, ಬಿರುಸಾದ ಗಿಟಾರ್, ಒಟ್ಟಿಗೆ ಏರುವ ಎರಡು ಮೂರು ಕಂಠ, ಒಮ್ಮೆ ಕೇಳಿದರೆ ಸಂಜೆವರೆಗೂ ಬಿಡದ ಪಲ್ಲವಿ. ಈ ಬಗೆಯ ಸಂಗೀತವನ್ನು 1967ರಲ್ಲಿ ‘ಪವರ್ ಪಾಪ್’ ಎಂದು ಕರೆದವರು ಇಂಗ್ಲೆಂಡಿನ ಸಂಗೀತಗಾರ ಪೀಟ್ ಟೌನ್‌ಶೆಂಡ್. ನಮ್ಮಲ್ಲಿ ಇಂಥ ತಂಡಗಳು ಬೀಟ್ ಗ್ರೂಪ್ ಅನ್ನಿಸಿಕೊಂಡವು. ಬೆಂಗಳೂರು, ಮದ್ರಾಸು, ಮುಂಬೈ, ಶಿಲ್ಲಾಂಗ್‌ಗಳಲ್ಲಿ ಹುಟ್ಟಿ, ಒಂದೆರಡು ಹಾಡು ಮುದ್ರಿಸಿ, ಹುಡುಗರಿಗೆ ನೌಕರಿ ಸಿಗುತ್ತಲೇ ಚದುರಿಹೋದವು.

ಅವರ ರೆಕಾರ್ಡು ಹುಡುಕಲು ಪುಣೆ ಒಳ್ಳೆಯ ಊರು. ದಕ್ಷಿಣ ಕಮಾಂಡಿನ ದಂಡು, ಕ್ಯಾಂಪಿನ ಗೋವಾ ಮೂಲದ ಕ್ರೈಸ್ತರ ಮತ್ತು ಪಾರ್ಸಿಗಳ ಮನೆಗಳು, ಫಿಲ್ಮ್ ಇನ್‌ಸ್ಟಿಟ್ಯೂಟು, ಮರಾಠಿ ನಾಟ್ಯಸಂಗೀತದ ಹುಚ್ಚು ಹತ್ತಿಸಿಕೊಂಡ ಹಳೆಯ ಪೇಟೆಗಳು, ಎಲ್ಲ ಇಲ್ಲೇ ಇವೆ. ಗಿಟಾರ್ ಹುಡುಕುತ್ತ ಹೋದವರಿಗೆ ಹುಬ್ಬಳ್ಳಿ-ಧಾರವಾಡದ ಕಂಠ ಸಿಕ್ಕಿಬಿಡುವುದೂ ಇದೇ ಊರಿನಲ್ಲಿ.

1. ರೆಕಾರ್ಡು ಏಕೆ ಕಳೆದುಹೋಯಿತು ಎಂದು ಮೊದಲು ತಿಳಿಯಿರಿ

ಅಮೆರಿಕದ ಮೆಂಫಿಸ್ ಊರಿನ ಬಿಗ್ ಸ್ಟಾರ್ ತಂಡ 1972ರಲ್ಲಿ ತಂದ ಮೊದಲ ಆಲ್ಬಮ್ಮಿನ ಹೆಸರೇ ‘ನಂಬರ್ ಒನ್ ರೆಕಾರ್ಡ್’. ವಿಮರ್ಶಕರು ಹೊಗಳಿದರು. ಆದರೆ ವಿತರಣೆ ಕೆಟ್ಟು ಮಾಲು ಅಂಗಡಿಗೇ ತಲುಪಲಿಲ್ಲ. ಮುಂದಿನ ತಲೆಮಾರಿನ ಸಂಗೀತಗಾರರು ಅದನ್ನು ಹುಡುಕಿ ತಲೆಯ ಮೇಲೆ ಹೊತ್ತರು. ನಮ್ಮ ಅಟಾಮಿಕ್ ಫಾರೆಸ್ಟ್ ತಂಡದ ‘ಆಬ್ಸೆಶನ್ 77’ ಕೂಡ ತಂಡ ಒಡೆಯುವ ಹೊತ್ತಿಗೆ ಹೊರಬಂದು ಹೇಳುವವರು ಕೇಳುವವರು ಇಲ್ಲದೆ ಮೂಲೆ ಸೇರಿತು. 2011ರಲ್ಲಿ ಲಾಸ್ ಏಂಜಲೀಸ್‌ನ ನೌ-ಅಗೇನ್ ಕಂಪನಿ ಮತ್ತೆ ಅಚ್ಚುಹಾಕಿದಾಗಲೇ ಲೋಕಕ್ಕೆ ಗೊತ್ತಾದದ್ದು.

ಹಾಡು ಚೆನ್ನಾಗಿಲ್ಲದೆ ಮರೆಯಾದದ್ದು ಬೇರೆ, ಅಂಗಡಿ ಕಾಣದೆ ಮರೆಯಾದದ್ದು ಬೇರೆ. ಎರಡನೆಯ ಜಾತಿಯದನ್ನು ಹುಡುಕಿ. ಅಂಥ ರೆಕಾರ್ಡು ಪ್ರಚಾರಕ್ಕೆಂದು ಪುಕ್ಕಟೆ ಹಂಚಿದ ಕಡೆ, ಬ್ಯಾಂಡಿನವರ ಬಂಧುಗಳ ಮನೆಯಲ್ಲಿ, ಹೋಟೆಲಿನ ಹಳೆಯ ಕಪಾಟಿನಲ್ಲಿ ಕೂತಿರುತ್ತದೆ.

2. ವಾರ ನೋಡಿಕೊಂಡು ಹೊರಡಿ

ಹಳೆ ಸಾಮಾನಿನ ಸಂತೆ ಜುನಾ ಬಾಜಾರ್ ಇರುವುದು ಮಂಗಳವಾರ ಪೇಟೆಯಲ್ಲಿ, ಕೂಡುವುದು ಬುಧವಾರ ಮತ್ತು ಭಾನುವಾರ. ಪುಣೆಯ ತರ್ಕ ಪುಣೆಗೇ ಪ್ರೀತಿ. ತುಕ್ಕು ಹಿಡಿದ ಪಾನಾ, ಬೀಗ, ಹಿತ್ತಾಳೆ ಪಾತ್ರೆ, ಕ್ಯಾಮೆರಾಗಳ ನಡುವೆ ಗೋಣಿತಟ್ಟಿನ ಮೇಲೆ ರೆಕಾರ್ಡು ಹರಡಿರುತ್ತಾರೆ. ಬಿಸಿಲು ಏರುವ ಮುಂಚೆ ಹೋಗಬೇಕು. ಆಯ್ಕೆ ಇರುತ್ತದೆ ಎಂಬುದು ಒಂದು ಕಾರಣ, ಮಧ್ಯಾಹ್ನದ ಬಿಸಿಲಿಗೆ ವಿನೈಲ್ ಹಪ್ಪಳದಂತೆ ಸೊಟ್ಟಗಾಗುತ್ತದೆ ಎಂಬುದು ಇನ್ನೊಂದು.

‘ಕಾಕಾ, ಕಿತೀಲಾ?’ (ಎಷ್ಟಕ್ಕೆ?) ಎಂದು ಮರಾಠಿಯಲ್ಲೇ ಶುರು ಮಾಡಿ. ಎದುರಿನವರು ವಿಜಯಪುರ, ಕಲಬುರಗಿ ಕಡೆಯವರಾಗಿದ್ದರೆ ನಿಮ್ಮ ಮರಾಠಿ ಕೇಳಿದ ಕೂಡಲೇ ‘ನೀವೆಷ್ಟ್ ಕೊಡ್ತೀರಿ ಹೇಳ್ರಿ’ ಎಂದು ಕನ್ನಡಕ್ಕೇ ಬರುತ್ತಾರೆ. ಬೇಕಾದ ಒಂದನ್ನೇ ಎತ್ತಿ ಕಣ್ಣರಳಿಸಬೇಡಿ. ಐದಾರು ಒಟ್ಟಿಗೆ ಹಿಡಿದು ಒಂದೇ ದರ ಕೇಳಿ.

3. ಸೂಜಿಗಿಂತ ಮೊದಲು ಕಣ್ಣು, ಆಮೇಲೆ ಉಗುರು

ಬಯಲು ಬಾಜಾರಿನಲ್ಲಿ ಹಾಕಿ ಕೇಳಿಸುವವರಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೀರು ಕಪ್ಪಗೆ ಮಿನುಗಬೇಕು. ಬೂದು ಬಣ್ಣಕ್ಕೆ ತಿರುಗಿದ್ದರೆ ಹಳೆಯ ಉಕ್ಕಿನ ಸೂಜಿ ಅದನ್ನು ತಿಂದುಹಾಕಿದೆ ಎಂದರ್ಥ. ನಿಮಿಷಕ್ಕೆ 78 ಸುತ್ತಿನ ವೇಗದ ಅರಗಿನ ತಟ್ಟೆಯಾದರೆ ಅಂಚು ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ಚಿಕ್ಕದೊಂದು ನಾದ ಬರುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಬೋಳಾಗುತ್ತದೆ. ಬಿರುಕು ಬಿಟ್ಟದ್ದನ್ನು ನಾನು ಬಿಡುವುದು ಕಡಿಮೆ: ಬೇರೆಲ್ಲೂ ಇಲ್ಲದ ಹಾಡಾದರೆ ಟಕ್ ಟಕ್ ಸದ್ದಿನೊಡನೆಯೇ ಕೇಳಬಹುದು.

4. ಹೆಸರು ಬದಲಾದವರನ್ನು ಕೈಬಿಡಬೇಡಿ

ಈ ಆಟದಲ್ಲಿ ಗೆಲ್ಲುವವರು ಹೆಸರುಗಳನ್ನು ಬಲ್ಲವರು. 1960ರ ದಶಕದ ಕೊನೆಯ ಇಂಗ್ಲಿಷ್ ಪಾಪ್ ರೆಕಾರ್ಡುಗಳಲ್ಲಿ ಉಷಾ ಅಯ್ಯರ್ ಎಂದಿದ್ದರೆ ಅವರೇ ಮುಂದೆ ಉಷಾ ಉತ್ಥುಪ್ ಆದವರು. ‘ಅಯ್ಯರ್ ಅಂದರೆ ಕರ್ನಾಟಕ ಸಂಗೀತ ಇರಬೇಕು’ ಎಂದು ಪಕ್ಕಕ್ಕಿಟ್ಟು ಹೋದವರ ಪುಣ್ಯದಿಂದ ನಮಗೆ ಸಿಗುತ್ತದೆ.

ಕನ್ನಡಿಗರು ಗುರುತಿಟ್ಟುಕೊಳ್ಳಬೇಕಾದ ಹೆಸರು ಗಾಂಧಾರಿ. ಗಂಗೂಬಾಯಿ ಹಾನಗಲ್ ಅವರ ಹುಟ್ಟುಹೆಸರು ಅದು. 1930ರ ದಶಕದಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಹಾಡತೊಡಗಿದ ಆ ಹುಬ್ಬಳ್ಳಿಯ ಹುಡುಗಿಯ ದನಿ ನಮಗೆ ಗೊತ್ತಿರುವ ಗಂಗೂಬಾಯಿಯ ದನಿಯಲ್ಲ. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ಬಂದ ಆ ಗಡಸು, ಗಂಡುದನಿಗೆ ಹತ್ತಿರವಾದ ಘನತೆ ಅದರಲ್ಲಿ ಇಲ್ಲ. ಇಲ್ಲಿ ಕಂಠ ತೆಳು, ಮೊನಚು, ಎತ್ತರ; ಮೂರು ನಿಮಿಷದೊಳಗೆ ರಾಗ ಮುಗಿಸುವ ಅವಸರದಲ್ಲಿ ತಾನಗಳು ಮಿಂಚಿ ಹೋಗುತ್ತವೆ. ಎಚ್‌ಎಂವಿಯ ಜಿ. ಎನ್. ಜೋಶಿ ಅವರ ಜೊತೆ ಹಾಡಿದ ಮರಾಠಿ ಭಾವಗೀತೆಗಳೂ ಇವೆ. ಕಿರಾಣಾ ಘರಾಣೆಯ ಹಿರಿಯಕ್ಕ ಪ್ರೇಮಗೀತೆಯ ಜೋಡಿದನಿಯಾಗಿ ಕೇಳಿಬಂದಾಗ ಯಾರೂ ತಟ್ಟನೆ ಗುರುತು ಹಿಡಿಯಲಾರರು. ಇದನ್ನೂ ಪಾಪ್ ಅನ್ನದೆ ಇನ್ನೇನು ಅನ್ನುವುದು? ಅಂದಿನ ಹುಡುಗ ಹುಡುಗಿಯರು ಗುನುಗಿದ್ದು ಇಂಥದನ್ನೇ.

ಹಾಗೆಯೇ ಶಾಂತಾ ಹುಬ್ಳೀಕರ್. ಪುಣೆಯ ಪ್ರಭಾತ್ ಕಂಪನಿಯ 1939ರ ‘ಮಾಣೂಸ್’ ಚಿತ್ರದಿಂದ ಮಹಾರಾಷ್ಟ್ರದ ಮನೆಮಾತಾದವರು. ಬೀಳಗಿಯ ಅಮೀರಬಾಯಿ ಮತ್ತು ಗೋಹರಬಾಯಿ ಸೋದರಿಯರು ‘ಕರ್ನಾಟಕಿ’ ಎಂಬ ಅಡ್ಡಹೆಸರಿನಲ್ಲೇ ಹಾಡಿದ್ದರಿಂದ ಅವರನ್ನು ಹುಡುಕುವುದು ಸುಲಭ.

5. ಲೇಬಲ್ ಓದಲು ಕಲಿಯಿರಿ

ಚಿತ್ರ ನೋಡಿ ಕೊಳ್ಳುವವರು ಮೋಸ ಹೋಗುತ್ತಾರೆ. ತಟ್ಟೆಯ ನಡುವಿನ ಕಾಗದದಲ್ಲಿ ಕಂಪನಿ, ಕ್ರಮಸಂಖ್ಯೆ, ಎಲ್ಲಿ ತಯಾರಾಯಿತೆಂಬ ಸಾಲು ಇರುತ್ತವೆ; ಕಾಗದದ ಅಂಚಿನ ನುಣುಪು ಜಾಗದಲ್ಲಿ ಅಚ್ಚಿನ ಸಂಖ್ಯೆ ಕೆತ್ತಿರುತ್ತದೆ. ಲೇಬಲ್ಲಿನಲ್ಲೂ ಅಚ್ಚಿನ ಸಂಖ್ಯೆ ಇದ್ದರೆ ಎರಡೂ ತಾಳೆಯಾಗಬೇಕು. ಇಸಿಎಲ್‌ಪಿ ಎಂದು ಶುರುವಾದರೆ ಎಚ್‌ಎಂವಿಯ ಎಲ್‌ಪಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಯಂಗ್ ಇಂಡಿಯಾ ಲೇಬಲ್ ಕಂಡರೆ ಅದು 1930ರ ದಶಕದಲ್ಲಿ ಮುಂಬೈ ವಡಾಲಾದಲ್ಲಿ ಶುರುವಾದ ದೇಶೀ ಕಂಪನಿಯ ಮಾಲು. ದೊಡ್ಡ ಕಂಪನಿ ಬಾಗಿಲು ತೆರೆಯದ ಅದೆಷ್ಟೋ ಕಲಾವಿದರು ಅಲ್ಲಿ ಹಾಡಿದ್ದಾರೆ.

ಈಗ ಬೀಟಲ್ಸ್ ವಿಷಯ. ಇಂಗ್ಲೆಂಡಿನಲ್ಲಿ 78 ವೇಗದ ತಟ್ಟೆಗಳ ಕಾಲ ಮುಗಿದ ಮೇಲೆ ಆ ಹುಡುಗರು ಬಂದದ್ದು. ಭಾರತದಲ್ಲಾದರೋ ಊರೂರಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಇನ್ನೂ ಓಡುತ್ತಿದ್ದವು. ಹಾಗಾಗಿ ಕಲ್ಕತ್ತದ ದಮ್‌ದಮ್‌ನಲ್ಲಿ 1928ರಿಂದ ನಡೆಯುತ್ತಿದ್ದ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಬೀಟಲ್ಸ್ ಹಾಡುಗಳನ್ನು ಅರಗಿನ ತಟ್ಟೆಯಲ್ಲಿ ಒತ್ತಿತು. ವಿದ್ಯುತ್ತಿಲ್ಲದ ಮನೆಯಲ್ಲೂ ಬೀಟಲ್ಸ್! ಇಂದು ಲಂಡನ್ನಿನ ಸಂಗ್ರಾಹಕರು ಅದಕ್ಕೆ ಜೊಲ್ಲು ಸುರಿಸುತ್ತಾರೆ. ಪಾರ್ಲೊಫೋನ್ ಲೇಬಲ್ಲಿನ, ಭಾರತದಲ್ಲಿ ತಯಾರಾದ 78 ಎಲ್ಲಾದರೂ ಕಂಡರೆ ಉಸಿರು ಬಿಗಿಹಿಡಿದು ಪಕ್ಕದ ಹಿತ್ತಾಳೆ ಲೋಟದ ಬೆಲೆ ಕೇಳಿ.

6. ಇಲ್ಲದ ರೆಕಾರ್ಡಿಗೆ ಹಣ ಕೊಡಬೇಡಿ

ಪುಣೆಯಿಂದ ನೂರು ಕಿಲೋಮೀಟರ್ ಆಸುಪಾಸಿನ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ 1958ರ ಸುಮಾರಿಗೆ ಹೆಕ್ಟಿಕ್ಸ್ ಎಂಬ ಹುಡುಗರ ಬ್ಯಾಂಡ್ ಇತ್ತು. ಪಿಯಾನೊ ನುಡಿಸುತ್ತಿದ್ದ ಫರೂಖ್ ಬುಲ್ಸಾರಾ ಮುಂದೆ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಆದ. ಆ ಶಾಲಾ ಬ್ಯಾಂಡು ರೆಕಾರ್ಡು ಮಾಡಲಿಲ್ಲ. ‘ಹೆಕ್ಟಿಕ್ಸ್ ಟೇಪ್ ಇದೆ ಸಾಹೇಬ್’ ಎಂದು ಯಾರಾದರೂ ಪಿಸುಗುಟ್ಟಿದರೆ ನಮಸ್ಕಾರ ಹೇಳಿ ಬನ್ನಿ.

7. ಅಟ್ಟ ಖಾಲಿಯಾಗುವ ಸುದ್ದಿ ಹಿಡಿಯಿರಿ

ಸದಾಶಿವ ಪೇಟೆ, ನಾರಾಯಣ ಪೇಟೆಗಳ ವಾಡೆಗಳು ಒಂದೊಂದಾಗಿ ಕೆಡವಲ್ಪಟ್ಟು ಫ್ಲ್ಯಾಟುಗಳಾಗುತ್ತಿವೆ. ಕೆಡವುವ ಮುಂಚೆ ರದ್ದಿಯವರು ಬರುತ್ತಾರೆ. ರದ್ದಿಯವರಿಗಿಂತ ಮುಂಚೆ ನೀವು ಹೋಗಬೇಕು. ಮನೆಯ ಆಜಿಗೆ ಚಹಾದ ಹೊತ್ತಿನಲ್ಲಿ ನಾಟ್ಯಸಂಗೀತದ ಬಗ್ಗೆ ಎರಡು ಮಾತಾಡಿ ಆಮೇಲೆ ರೆಕಾರ್ಡಿನ ವಿಷಯ ಎತ್ತಿ. ಗಡಬಡಿಸಿದರೆ ಪುಣೆಯ ಆಜಿ ಬಾಗಿಲಿಂದಲೇ ಕಳಿಸಿಕೊಡುತ್ತಾರೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: 1961ರಲ್ಲಿ ಪೆಟ್ಟಿಗೆ ಯಾವ ಮಹಡಿಯಲ್ಲಿತ್ತು? ಆ ವರ್ಷ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಟೆಗಳಿಗೆ ನುಗ್ಗಿತು. ನದಿಬದಿಯ ಮನೆಗಳ ನೆಲಮಹಡಿಯಲ್ಲಿ ಅದಕ್ಕೂ ಹಿಂದಿನ ಸಂಗ್ರಹ ಉಳಿದಿರುವ ಸಂಭವ ಕಡಿಮೆ. ಅಟ್ಟದ್ದು ಉಳಿದಿರುತ್ತದೆ.

8. ಕಾಗದವನ್ನೂ ಕೊಳ್ಳಿ

ಬ್ಯಾಂಡಿನ ಹೆಸರೇ ಗೊತ್ತಿಲ್ಲದೆ ಹುಡುಕುವುದು ಹೇಗೆ? ಕಲ್ಕತ್ತದಿಂದ 1967ರಿಂದ ಹತ್ತು ವರ್ಷ ಬಂದ ‘ಜೂನಿಯರ್ ಸ್ಟೇಟ್ಸ್‌ಮನ್’ ಪತ್ರಿಕೆಯ ಹಳೆಯ ಸಂಚಿಕೆ ಸಿಕ್ಕರೆ ತೂಕಕ್ಕೆ ಕೊಂಡುಬನ್ನಿ. ಯಾವ ಊರಲ್ಲಿ ಯಾವ ತಂಡ ನುಡಿಸಿತು ಎಂಬುದೆಲ್ಲ ಅದರಲ್ಲಿದೆ. ಸಿದ್ಧಾರ್ಥ ಭಾಟಿಯಾ ಅವರ ‘ಇಂಡಿಯಾ ಸೈಕಡೆಲಿಕ್’ ಪುಸ್ತಕವೂ ಒಳ್ಳೆಯ ನಕ್ಷೆ. ಸಿನಿಮಾ ಹಾಡಾದರೆ ಲಾ ಕಾಲೇಜು ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಹಳೆಯ ಪದ್ಯಾವಳಿಗಳಿವೆ; 1964ರಲ್ಲಿ ಶುರುವಾದ ಸಂಸ್ಥೆ, ಮುಂಚಿತವಾಗಿ ಕೇಳಿಕೊಂಡು ಹೋಗಿ.

9. ಮರೆತದ್ದೆಲ್ಲ ಮುತ್ತಲ್ಲ

ಸಿಮ್ಲಾ ಸಿಗರೇಟಿನ ಪ್ರಚಾರಕ್ಕೆಂದು ನಡೆದ ಅಖಿಲ ಭಾರತ ಬೀಟ್ ಸ್ಪರ್ಧೆಯಿಂದ 1970 ಮತ್ತು 1971ರಲ್ಲಿ ಎರಡು ಎಲ್‌ಪಿ ಬಂದವು, ‘ಸಿಮ್ಲಾ ಬೀಟ್’ ಎಂಬ ಹೆಸರಿನಲ್ಲಿ. ಸಂಗ್ರಾಹಕರ ಲೋಕದಲ್ಲಿ ಅವಕ್ಕೆ ದೇವರ ಸ್ಥಾನ. ನನ್ನ ತೀರ್ಪು ಬೇರೆ: ವಿದೇಶಿ ಹಾಡುಗಳ ನಕಲು ಸಾಕಷ್ಟಿದೆ, ಕೆಲವು ಕಡೆ ಶ್ರುತಿಯೂ ಅಲುಗಾಡುತ್ತದೆ. ಆದರೆ ಮದ್ರಾಸಿನ ಕನ್‌ಫ್ಯೂಶನ್ಸ್ ತಂಡದಂಥವರು ತಮ್ಮದೇ ಹಾಡು ಎತ್ತಿಕೊಂಡಾಗ ಕಿವಿ ನೆಟ್ಟಗಾಗುತ್ತದೆ. ಹತ್ತರಲ್ಲಿ ಎರಡು ಹಾಗೆ ಸಿಕ್ಕರೆ ಸಾಕು.

ಮೂಲ ಅಚ್ಚೇ ಬೇಕೆಂಬ ಹಠವೂ ಬೇಡ. ಈ ಎರಡು ಎಲ್‌ಪಿಗಳೂ, ‘ಆಬ್ಸೆಶನ್ 77’ ಕೂಡ, ಮರುಮುದ್ರಣ ಕಂಡಿವೆ. ಹಾಡು ಕೇಳಬೇಕೆನ್ನುವವರಿಗೆ ಅದೇ ಲೇಸು. ಬೆಲೆ ನೋಡುವಾಗ ಮಾರುವವರು ಹೇಳಿದ ದರ ನಂಬದೆ ನಿಜಕ್ಕೂ ಮಾರಾಟವಾದ ದರ ನೋಡಿ. ಡಿಸ್ಕಾಗ್ಸ್ ತಾಣದಲ್ಲಿ ಎರಡೂ ಬೇರೆಬೇರೆಯಾಗಿ ಸಿಗುತ್ತವೆ.

10. ಸ್ಪಿರಿಟ್ ಬಾಟಲಿ ದೂರವಿಡಿ

ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ‘ಚೆನ್ನಾಗಿ ಒರೆಸೋಣ’ ಎಂದು 78ಕ್ಕೆ ಸ್ಪಿರಿಟ್ ಹಚ್ಚಿದರೆ ಧೂಳಿನ ಜೊತೆ ಹಾಡೂ ಹೋಗುತ್ತದೆ. ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬಟ್ಟೆ. ನಡುವಿನ ಕಾಗದ ನೆನೆಯಬಾರದು. ಎಲ್‌ಪಿಯ ಸೂಜಿಯನ್ನು 78ಕ್ಕೆ ಹಾಕಬೇಡಿ. ಅದರ ಗೀರು ಅಗಲ. ಸುಮಾರು ಮೂರುಪಟ್ಟು ದಪ್ಪದ ಸೂಜಿ ಬೇಕು. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಡಿ. ಪುಣೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಆಗಾಗ ಹೊರತೆಗೆದು ಗಾಳಿಯಾಡಿಸಿ.

11. ಕೇಳಿಸಿ

ಕಪಾಟಿನಲ್ಲಿ ಬೀಗ ಹಾಕಿಟ್ಟ ರೆಕಾರ್ಡು ರದ್ದಿಯಂಗಡಿಯಲ್ಲಿ ಇದ್ದದ್ದಕ್ಕಿಂತ ಮೇಲೇನೂ ಅಲ್ಲ. ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅದು ದಾಟಿದ ಮುದ್ರಣವನ್ನು ಹಂಚಿಕೊಳ್ಳಲು ಕಂಪನಿಯ ಅಪ್ಪಣೆ ಬೇಡ, ಆದರೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ ಎಂಬುದನ್ನು ಮರೆಯಬೇಡಿ. 1990ರಲ್ಲಿ ಮುಂಬೈಯಲ್ಲಿ ಶುರುವಾದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ‘ದಿ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯಲ್ಲಿ ತಟ್ಟೆಗಳ ಪಟ್ಟಿ, ಕಲಾವಿದರ ಕಥೆ ದಾಖಲಿಸಿದೆ. ಅಂಥವರ ಸಂಗ ಮಾಡಿ. ಒಬ್ಬರ ಬಳಿ ಒಂದು ಮಗ್ಗುಲು, ಇನ್ನೊಬ್ಬರ ಬಳಿ ವಿವರ ಇರುತ್ತದೆ.

ಪುಣೆಯ ಕನ್ನಡ ಮನೆಗಳಲ್ಲಿ ಒಂದು ಕೋರಿಕೆ. ಅಜ್ಜ ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ತಂದ ಪೆಟ್ಟಿಗೆ ಇನ್ನೂ ಇದ್ದರೆ, ರದ್ದಿಗೆ ಹಾಕುವ ಮುಂಚೆ ಪ್ರತಿ ತಟ್ಟೆಯ ಎರಡೂ ಮಗ್ಗುಲಿನ ಲೇಬಲ್ ಫೋಟೊ ತೆಗೆದು ಬಲ್ಲವರಿಗೊಮ್ಮೆ ತೋರಿಸಿ.