ಚದುರಂಗದಲ್ಲಿ ಪ್ರಮಾದವೂ ರಕ್ಷಣೆಯೂ

ಸಂಜೆ ಪ್ರಯೋಗಶಾಲೆಯ ಬಾಗಿಲು ಹಾಕಿದ ಮೇಲೆ ಮಂಡ್ಯದ ನಮ್ಮ ಕಾಲೇಜಿನ ಜಗಲಿಯಲ್ಲಿ ಚದುರಂಗದ ಆಟ ಆರಂಭವಾಗುತ್ತದೆ. ಮದ್ದೂರಿನ ವಿದ್ಯಾರ್ಥಿಗಳು ರೈಲಿನ ವೇಳೆಯಾಗುವವರೆಗೆ, ಮಳವಳ್ಳಿಯವರು ಬಸ್ಸು ಹೊರಡುವವರೆಗೆ ಆಡುತ್ತಾರೆ. ಕಳೆದ ವರ್ಷ ಅಲ್ಲಿ ನಡೆದ ಒಂದು ಆಟವೇ ಈ ಪಾಠಕ್ಕೆ ಪೀಠಿಕೆ.

ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳೋಣ. ನೇರವಾಗಿ ಚಲಿಸುವುದು ಆನೆ, ಓರೆಯಾಗಿ ಚಲಿಸುವುದು ಒಂಟೆ. ಎರಡೂ ಬಗೆಯಲ್ಲಿ ಚಲಿಸುವುದು ಮಂತ್ರಿ. ಬಿಳಿಯ ಆಟಗಾರನ ಎಡಗಡೆಯಿಂದ ಕಂಬಸಾಲುಗಳಿಗೆ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು. ಅವನ ಕಡೆಯಿಂದ ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಸಂಖ್ಯೆ. ವಾಚಕರು ಮಣೆಯನ್ನು ಮುಂದಿಟ್ಟುಕೊಂಡು ಕಾಯಿಗಳನ್ನು ಜೋಡಿಸಿಕೊಂಡರೆ ವಿಷಯ ಸುಲಭವಾಗಿ ಮನದಟ್ಟಾಗುವುದು.

ಮಳವಳ್ಳಿಯ ವಿದ್ಯಾರ್ಥಿಯದು ಬಿಳಿಯ ಕಾಯಿ. ಅವನ ರಾಜ ಜಿ 1ರಲ್ಲಿ. ರಾಜನ ಮುಂದೆ ಎಫ್ 2, ಜಿ 2, ಎಚ್ 2 ಮನೆಗಳಲ್ಲಿ ಕಾಲಾಳುಗಳು. ಆನೆ ಎ 1ರಲ್ಲಿ, ಒಂಟೆ ಬಿ 3ರಲ್ಲಿ. ಮದ್ದೂರಿನ ಗೆಳೆಯನಿಗೆ ಉಳಿದಿದ್ದುದು ಜಿ 8ರಲ್ಲಿ ರಾಜ, ಇ 8ರಲ್ಲಿ ಆನೆ, ಹಾಗೂ ಎ 7, ಎಫ್ 7, ಜಿ 7, ಎಚ್ 7ರಲ್ಲಿ ಕಾಲಾಳುಗಳು. ಬಿಳಿಯವನಿಗೆ ಒಂದು ಒಂಟೆ ಹೆಚ್ಚಾಗಿದ್ದಿತು. ಗೆಲುವು ಬಹುಮಟ್ಟಿಗೆ ಕೈಸೇರಿದಂತೆಯೇ. ಎ 7ರ ಕಾಲಾಳಿಗೆ ಕಾವಲಿಲ್ಲದುದನ್ನು ಕಂಡು ಅವನು ಥಟ್ಟನೆ ಆನೆಯಿಂದ ಅದನ್ನು ಹೊಡೆದನು. ಕಪ್ಪು ಆನೆ ಇ 1ಕ್ಕೆ ಇಳಿಯಿತು. ಚೆಕ್! ರಾಜನು ಓಡುವಂತಿಲ್ಲ, ಅವನದೇ ಕಾಲಾಳುಗಳು ದಾರಿಗೆ ಅಡ್ಡವಾಗಿವೆ; ನಡುವೆ ಬರುವ ಕಾಯಿಯೂ ಇಲ್ಲ. ಅಲ್ಲಿಗೆ ಆಟ ಮುಗಿಯಿತು.

"ಸಾರ್, ಕಾಲೇಜು ತಂಡದಿಂದ ನನ್ನ ಹೆಸರನ್ನು ತೆಗೆದುಬಿಡಿ. ಗೆದ್ದ ಆಟವನ್ನು ಕೈಯಾರೆ ಕೊಡುವವನು ತಂಡದಲ್ಲಿ ಯಾಕೆ?" ಎಂದು ಅವನು ನಮ್ಮಲ್ಲಿ ಬಂದು ಹೇಳಿದನು. ನಾವು ಕೂಡಲೇ ಒಪ್ಪಲಿಲ್ಲ. ಸೋಲಿಗೆ ಕಾರಣವೇನೆಂದು ತಿಳಿಯದೆ ತೀರ್ಪು ಕೊಡುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲವಷ್ಟೆ.

ಅವನಿಗೆ ಇ 1ರ ಅಪಾಯ ತಿಳಿಯದುದೇ? ತಿಳಿದಿತ್ತು, ಹಿಂದೆ ಅದೇ ಉಪಾಯದಿಂದ ಅವನೇ ಇತರರನ್ನು ಸೋಲಿಸಿದ್ದನು. ತಿಳಿವಳಿಕೆ ಇದ್ದೂ ಆ ಕ್ಷಣದಲ್ಲಿ ಅವನು ಅದನ್ನು ಕೇಳಿಕೊಳ್ಳಲಿಲ್ಲ. ಪ್ರಮಾದಗಳ ಪೈಕಿ ಹೆಚ್ಚಿನವು ಈ ಜಾತಿಯವು. ಮನಸ್ಸು "ಇನ್ನು ಭಯವಿಲ್ಲ" ಎಂದು ಸಡಿಲಗೊಂಡಾಗಲೇ ಅವು ನುಸುಳುತ್ತವೆ.

ಇದು ಎಳೆಯರಿಗೆ ಮಾತ್ರ ಮೀಸಲಾದ ದೋಷವಲ್ಲ. 1963ರಿಂದ 1969ರವರೆಗೆ ವಿಶ್ವವಿಜೇತನಾಗಿದ್ದ ಟೈಗ್ರಾನ್ ಪೆಟ್ರೋಸಿಯನ್ ರಕ್ಷಣೆಯ ಕಲೆಯಲ್ಲಿ ಅಸಾಧಾರಣನೆಂದು ಹೆಸರಾದವನು. ಆದರೆ 1956ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಬ್ರಾನ್‌ಸ್ಟೈನನ ಎದುರು ಗೆಲ್ಲುವ ಸ್ಥಿತಿಯಲ್ಲಿದ್ದಾಗ, ಎದುರಾಳಿಯ ಕುದುರೆ ತನ್ನ ಮಂತ್ರಿಯ ಮೇಲೆ ಬಿದ್ದುದನ್ನು ಗಮನಿಸದೆ ಬೇರೊಂದು ಕಾಯಿಯನ್ನು ನಡೆಸಿದನು. ಮಂತ್ರಿ ಹೋಯಿತು, ಆಟವೂ ಹೋಯಿತು. 2006ರ ನವೆಂಬರಿನಲ್ಲಿ ಜರ್ಮನಿಯ ಬಾನ್ ನಗರದಲ್ಲಿ, ಆಗ ವಿಶ್ವವಿಜೇತನಾಗಿದ್ದ ವ್ಲಾಡಿಮಿರ್ ಕ್ರಾಮ್ನಿಕ್ 'ಡೀಪ್ ಫ್ರಿಟ್ಜ್' ಎಂಬ ಕಂಪ್ಯೂಟರ್ ಕ್ರಮವಿಧಿಯೊಡನೆ ಆಡುತ್ತ ಒಂದೇ ನಡೆಯ ಚೆಕ್‌ಮೇಟನ್ನು ಕಾಣದೆ ಹೋದನು. ಕುದುರೆಯ ಆಶ್ರಯದಲ್ಲಿ ಬಿಳಿಯ ಮಂತ್ರಿ ಎಚ್ 7ಕ್ಕೆ ಬಂದು ನಿಂತಿತು.

ಹಾಗಾದರೆ ಪರಿಹಾರವೇನು? "ಇನ್ನು ಮೇಲೆ ಜಾಗರೂಕನಾಗಿರುತ್ತೇನೆ" ಎಂಬ ಸಂಕಲ್ಪ ಸಾಲದು. ರೈಲ್ವೆಯವರ ಕ್ರಮವನ್ನು ನೋಡಿ. ಎಷ್ಟೋ ಗೇಟುಗಳಲ್ಲಿ ಗೇಟಿಗೂ ಸಿಗ್ನಲ್ಲಿಗೂ ಬೀಗದ ಸಂಬಂಧ ಕಲ್ಪಿಸಿರುತ್ತಾರೆ. ಗೇಟು ಮುಚ್ಚಿ ಬೀಗ ಬೀಳದೆ ರೈಲು ಬರಲು ಸಿಗ್ನಲ್ ಸಿಗದು. ಗೇಟಿನವನ ನೆನಪು ಎಷ್ಟೇ ಚೆನ್ನಾಗಿರಲಿ, ಅದೊಂದನ್ನೇ ನಂಬಿ ರೈಲನ್ನು ಬಿಡುವುದಿಲ್ಲ. ಆಟಗಾರನ ಕೈಗೂ ಇಂತಹುದೇ ಒಂದು ಬೀಗ ಬೇಕು. ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಕೈ ತೊಡೆಯ ಮೇಲಿರಲಿ. ಪಂದ್ಯದಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮವಿರುವುದನ್ನು ಮರೆಯಬಾರದು.

ಮೊದಲನೆಯದು: ಎದುರಾಳಿಯ ಈಗಿನ ನಡೆಯಿಂದ ಏನು ಬದಲಾಯಿತು? ಯಾವ ದಾರಿ ತೆರೆಯಿತು, ಯಾವ ಮನೆಗೆ ಕಾವಲು ತಪ್ಪಿತು?

ಎರಡನೆಯದು: ನಾನು ಯೋಚಿಸಿದ ನಡೆಯನ್ನು ಆಡಿದ ಮೇಲೆ ಅವನು ಕೊಡಬಹುದಾದ ಚೆಕ್‌ಗಳೆಷ್ಟು, ಹೊಡೆಯಬಹುದಾದ ಕಾಯಿಗಳಾವುವು?

ಮೂರನೆಯದು: ನಾನು ಎತ್ತುವ ಕಾಯಿ ಇದುವರೆಗೆ ಯಾವುದನ್ನು ಕಾಯುತ್ತಿತ್ತು?

ಮಳವಳ್ಳಿಯ ಹುಡುಗನ ಆಟಕ್ಕೆ ಮೂರನೆಯ ಪ್ರಶ್ನೆಯನ್ನು ಹಾಕಿ ನೋಡಿ. ಎ 1ರ ಆನೆ ಮೊದಲನೆಯ ಸಾಲನ್ನೆಲ್ಲ ಕಾಯುತ್ತಿತ್ತು. ಎಚ್ 2ರ ಕಾಲಾಳನ್ನು ಒಂದು ಮನೆ ಮುಂದಿಟ್ಟು ರಾಜನಿಗೆ ಗಾಳಿಯಾಡಲು ಕಿಂಡಿ ಮಾಡಿಕೊಟ್ಟಿದ್ದರೆ ಸಾಕಾಗುತ್ತಿತ್ತು. ಎ 7ರ ಕಾಲಾಳು ಬಹುಶಃ ತಪ್ಪಿಹೋಗುತ್ತಿತ್ತು. ಆದರೆ ಹೆಚ್ಚಿನ ಒಂಟೆ ಉಳಿಯುತ್ತಿತ್ತು.

ಪ್ರಮಾದವನ್ನು ತಪ್ಪಿಸುವುದು ರಕ್ಷಣೆಯ ಒಂದು ಮುಖ. ನಿಜವಾದ ಆಕ್ರಮಣ ಬಂದಾಗ ಎದುರಿಸುವುದು ಇನ್ನೊಂದು. ಒಂದು ಕಾಯಿಯ ಮೇಲೆ ಏಟು ಬಿದ್ದಾಗ ಐದು ಉತ್ತರಗಳುಂಟು: ಅದನ್ನು ಸರಿಸುವುದು, ಅದಕ್ಕೆ ಕಾವಲಿಡುವುದು, ಹೊಡೆಯಬಂದ ಕಾಯಿಯನ್ನೇ ಹೊಡೆಯುವುದು, ನಡುವೆ ಇನ್ನೊಂದು ಕಾಯಿಯನ್ನು ತರುವುದು, ಅದಕ್ಕಿಂತ ದೊಡ್ಡ ಏಟನ್ನು ಬೇರೆ ಕಡೆ ಹೂಡುವುದು. ಕುದುರೆ ಹಾರುವ ಕಾಯಿಯಾದುದರಿಂದ ಅದಕ್ಕೆ ನಡುವೆ ತಡೆಯಿಡಲಾಗದು. ಹೊಸಬನು ಗಾಬರಿಯಿಂದ ಮೊದಲನೆಯ ಉತ್ತರವನ್ನೇ ಹಿಡಿಯುತ್ತಾನೆ. ಐದನ್ನೂ ಎಣಿಸಿ ನೋಡಿದವನಿಗೆ ಗಾಬರಿ ತಾನಾಗಿ ಇಳಿಯುವುದು.

ಎಲ್ಲವನ್ನೂ ಒಮ್ಮೆಗೇ ಕಾಯಲು ಹೊರಡುವುದೂ ತಪ್ಪು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಬತ್ತದ ಗದ್ದೆಗಳಲ್ಲಿ ರೈತನು ಏನು ಮಾಡುತ್ತಾನೆ? ಬದುವನ್ನೆಲ್ಲ ಎತ್ತರಿಸುತ್ತ ಕೂರುವುದಿಲ್ಲ. ಏಡಿ ತೋಡಿದ ಬಿಲ ಎಲ್ಲಿದೆಯೆಂದು ಹುಡುಕಿ ಅದಕ್ಕೆ ಮಣ್ಣು ಮೆತ್ತುತ್ತಾನೆ. ನೀರು ಒಡೆಯುವುದು ಅಲ್ಲಿಂದಲೇ. ಚದುರಂಗದಲ್ಲಿಯೂ ಎದುರಾಳಿಯ ಕಾಯಿಗಳೆಲ್ಲ ಕಣ್ಣಿಟ್ಟಿರುವ ಒಂದು ಮನೆಯಿರುತ್ತದೆ. ಅದನ್ನು ಗುರುತಿಸಿ ಬಲಪಡಿಸಿದರೆ ಉಳಿದ ಬೆದರಿಕೆಗಳ ಬಲ ಕುಂದುವುದು.

ವಿನಿಮಯದಲ್ಲಿ ವಿಶೇಷ ಎಚ್ಚರ ಬೇಕು. ರಾಜನ ಮೇಲೆ ದಾಳಿ ನಡೆದಿರುವಾಗ ಕಾಯಿಗೆ ಕಾಯಿ ಕೊಟ್ಟರೆ ದಾಳಿ ಸಾಮಾನ್ಯವಾಗಿ ತಣಿಯುತ್ತದೆ. ಆದರೆ ಕಾಲಾಳು ಕಡಿಮೆಯಿರುವವನು ಅಂತ್ಯಭಾಗದಲ್ಲಿ ಇದೇ ಸೂತ್ರವನ್ನು ಕಣ್ಣುಮುಚ್ಚಿ ಅನುಸರಿಸಕೂಡದು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವಪದವಿಗಾಗಿ ಡಿಂಗ್ ಲಿರೆನ್ ಮತ್ತು 18 ವರ್ಷದ ಗುಕೇಶ್ ಆಡಿದ 14ನೆಯ ಆಟ ಇದಕ್ಕೆ ನಿದರ್ಶನ. ಇಬ್ಬರಿಗೂ ಅಂಕಗಳು ಸಮ. ಡಿಂಗ್‌ಗೆ ಒಂದು ಕಾಲಾಳು ಕಡಿಮೆಯಿದ್ದರೂ ಆಟ ಡ್ರಾ ಆಗುವಂತಿದ್ದಿತು. 55ನೆಯ ನಡೆಯಲ್ಲಿ ಅವರು ಆನೆಯನ್ನು ಎಫ್ 2ಕ್ಕೆ ತಂದು ಆನೆಗಳ ವಿನಿಮಯಕ್ಕೆ ಎಡೆಗೊಟ್ಟರು. ಅವರ ಒಂಟೆ ಎ 8ರ ಮೂಲೆಯಲ್ಲಿ ಸಿಕ್ಕಿಕೊಂಡಿದ್ದಿತು. ಗುಕೇಶ್ ಆನೆಯನ್ನು ಹೊಡೆದು, ತಮ್ಮ ಒಂಟೆಯನ್ನು ಡಿ 5ರಲ್ಲಿ ಎದುರಿಟ್ಟು, ಒಂಟೆಗಳ ವಿನಿಮಯವನ್ನೂ ಬಲಾತ್ಕಾರವಾಗಿ ಮಾಡಿಸಿದರು. ಉಳಿದುದು ರಾಜರು, ಕಾಲಾಳುಗಳು ಮಾತ್ರ. ಅಲ್ಲಿ ಒಂದು ಕಾಲಾಳಿನ ಹೆಚ್ಚಳವೇ ಗೆಲುವಾಯಿತು. ಆದುದರಿಂದ ವಿನಿಮಯಕ್ಕೆ ಮುನ್ನ, ಆ ಕಾಯಿಗಳಿಲ್ಲದ ಮಣೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಕಾಲಾಳು ಕಡಿಮೆಯಿರುವವನು ಸಾಮಾನ್ಯವಾಗಿ ಕಾಲಾಳುಗಳನ್ನೇ ವಿನಿಮಯ ಮಾಡಿಕೊಂಡು ದೊಡ್ಡ ಕಾಯಿಗಳನ್ನು ಉಳಿಸಿಕೊಳ್ಳುವುದು ಲೇಸು.

ಕಡೆಯ ಮಾತು: ಆಟ ಮುಗಿಯುವವರೆಗೆ ರಕ್ಷಣೆ ಮುಗಿಯದು. ಆ ಮಳವಳ್ಳಿಯ ವಿದ್ಯಾರ್ಥಿಗೆ ನಾವು ಒಂದು ನೋಟ್‌ಬುಕ್ ಕೊಟ್ಟು, ಸೋತ ಪ್ರತಿಯೊಂದು ಆಟದಲ್ಲಿ ಪ್ರಮಾದವಾದ ನಡೆಯನ್ನೂ, ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯನ್ನೂ ಬರೆಯಲು ಹೇಳಿದೆವು. ಪ್ರಯೋಗದ ದಾಖಲೆಯಲ್ಲಿ ದೋಷದ ಕಾರಣಗಳನ್ನು ಬರೆಯುವಂತೆಯೇ ಇದು. ಎರಡು ತಿಂಗಳ ಮೇಲೆ ಅದೇ ಗೆಳೆಯನ ಎದುರು ಅವನಿಗೆ ಉಳಿದಿದ್ದುದು ಒಂಟಿ ಕಪ್ಪು ರಾಜ. ಎದುರಿಗೆ ರಾಜನೊಡನೆ ಮಂತ್ರಿ. ಅವನು ಕೈಚೆಲ್ಲದೆ ರಾಜನನ್ನು ಎಚ್ 8ರ ಮೂಲೆಗೆ ನಡೆಸಿದನು. ಗೆಲುವಿನ ಸಡಗರದಲ್ಲಿ ಗೆಳೆಯನು ಮಂತ್ರಿಯನ್ನು ಜಿ 6ಕ್ಕೆ ಇಟ್ಟನು. ರಾಜನಿಗೆ ಚೆಕ್ ಇಲ್ಲ, ಆದರೆ ಜಿ 8, ಜಿ 7, ಎಚ್ 7 ಮೂರು ಮನೆಗಳೂ ಮಂತ್ರಿಯ ಹಿಡಿತದಲ್ಲಿವೆ. ನಡೆಯೇ ಇಲ್ಲದ ಈ ಸ್ಥಿತಿಗೆ ಸ್ಟೇಲ್‌ಮೇಟ್ ಎಂದು ಹೆಸರು; ಆಟ ಡ್ರಾ.

ಈ ಸಲ ನೋಟ್‌ಬುಕ್ಕನ್ನು ಕೇಳಿಕೊಂಡು ಬಂದವನು ಮದ್ದೂರಿನ ಹುಡುಗ. ಮಳವಳ್ಳಿಯವನ ಹೆಸರು ತಂಡದ ಪಟ್ಟಿಯಲ್ಲಿ ಹಾಗೆಯೇ ಉಳಿದಿದೆ.