ಶಾಂತಲೆಯನ್ನು ಬೆಟ್ಟದ ತುದಿಯಿಂದ ಇಳಿಸು

ಹಾಸನ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾದಂಬರಿಯ ಅಧ್ಯಾಯಗಳು ತಲುಪಿದವು. ಮೊಬೈಲಿನಲ್ಲಿ ಓದಲು ಕಣ್ಣು ಒಪ್ಪಲಿಲ್ಲ, ಪ್ರಿಂಟ್ ಹಾಕಿಸಿಕೊಂಡು ಓದಿದೆ. ಭಾಷೆ ಚೆನ್ನಾಗಿ ಪಳಗಿದೆ. ಹೊಗಳುವ ಕೆಲಸವನ್ನು ನಿಮ್ಮಮ್ಮ ಈಗಾಗಲೇ ಮುಗಿಸಿರುತ್ತಾಳೆ. ನನ್ನ ಪಾಲಿಗೆ ಉಳಿದಿರುವುದು ಜಗಳ.

ಮೊದಲ ಪುಟದಲ್ಲೇ ಶಾಂತಲೆಯನ್ನು ಶಿವಗಂಗೆಯ ತುದಿಯಲ್ಲಿ ನಿಲ್ಲಿಸಿಬಿಟ್ಟಿದ್ದೀಯ. ಬೀಸುವ ಗಾಳಿ, ಹಾರುವ ಸೆರಗು, ಮಗನಿಲ್ಲವೆಂಬ ಕೊರಗು, ಆಮೇಲೆ ಒಂದು ನೆಗೆತ. ಆ ಬೆಟ್ಟ ಹತ್ತಿದವರಿಗೆಲ್ಲ ಕಡಿದಾದ ಒಂದು ಜಾಗ ತೋರಿಸಿ ಇದೇ ಕಥೆ ಹೇಳುತ್ತಾರೆ. ಅವರು ಹೇಳಲಿ, ಬೇಡವೆನ್ನುವುದಿಲ್ಲ. ನೀನು ಮಾತ್ರ ಬರೆಯುವ ಮೊದಲು ಕಲ್ಲಿನ ಮೇಲೆ ಏನಿದೆಯೆಂದು ನೋಡಬೇಕಿತ್ತು.

ಕಲ್ಲಿರುವುದು ಶ್ರವಣಬೆಳಗೊಳದಲ್ಲಿ. ಶಾಂತಲದೇವಿ 1131ರ ಚೈತ್ರದಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಅಲ್ಲಿನ ಶಾಸನ ಹೇಳುತ್ತದೆ. ಧುಮುಕಿದಳು ಎಂಬ ಮಾತು ಅದರಲ್ಲಿಲ್ಲ. ಮಗಳ ವಿಷಯದಲ್ಲಿ ಇಷ್ಟು ಮಿತವಾಗಿ ಮಾತಾಡುವ ಶಾಸನ ತಾಯಿಯ ಬಗ್ಗೆ ತುಂಬ ಹೇಳುತ್ತದೆ. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಗುರುಗಳ ಎದುರು ಸನ್ಯಸನ ಹಿಡಿದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು. ನಿನ್ನ ಕಾದಂಬರಿಯಲ್ಲಿ ಈ ತಾಯಿ ಎಲ್ಲಿ? ಎರಡನೆಯ ಅಧ್ಯಾಯದಲ್ಲಿ ಮಗಳಿಗೆ ತಲೆ ಬಾಚಿ ಒಳಗೆ ಹೋದವಳು ಮತ್ತೆ ಹೊರಗೆ ಬರಲೇ ಇಲ್ಲ.

ಇನ್ನೊಂದು ಮಾತು. ಶಾಂತಲೆಗೆ ಶಾಸನಗಳು ಕೊಟ್ಟ ಬಿರುದುಗಳಲ್ಲಿ ಸಮ್ಯಕ್ತ್ವಚೂಡಾಮಣಿ ಎಂಬುದೂ ಒಂದು. ಜೈನಧರ್ಮದಲ್ಲಿ ಅಷ್ಟು ಗಟ್ಟಿಯಾಗಿ ನಿಂತವಳು ಎಂದು ಅರ್ಥ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಪುಣ್ಯ ಬರುತ್ತದೆಂದು ಬೆಟ್ಟದಿಂದ ಬೀಳುವುದನ್ನು, ಬೆಂಕಿಗೆ ಹಾರುವುದನ್ನು ಲೋಕಮೂಢತೆಯೆಂದು ಕರೆಯುತ್ತದೆ. ಇದರಿಂದ ಆಕೆ ಧುಮುಕಿರಲಾರಳು ಎಂದು ಸಾಬೀತಾಯಿತೆಂದು ನಾನು ಹೇಳುತ್ತಿಲ್ಲ. ದುಃಖಕ್ಕೆ ಶಾಸ್ತ್ರ ಕಾಣುವುದಿಲ್ಲ. ಆದರೆ ಅಂಥವಳನ್ನು ನೆಗೆಸುವ ಕಾದಂಬರಿಕಾರ್ತಿ ಆ ನಂಬಿಕೆ ಮುರಿದ ಗಳಿಗೆಯನ್ನೂ ಬರೆಯಬೇಕಲ್ಲ? ನೀನು ಗಾಳಿ ಬೀಸಿಸಿ ಸುಮ್ಮನಾಗಿದ್ದೀಯ.

ನಮ್ಮ ತಲೆಮಾರಿನ ಎಷ್ಟೋ ಮಂದಿಗೆ ಶಾಂತಲೆ ಸಿಕ್ಕಿದ್ದು ಕೆ.ವಿ. ಅಯ್ಯರ್ ಅವರ ‘ಶಾಂತಲಾ’ದಲ್ಲಿ. ಅಂಗಸಾಧನೆ ಕಲಿಸುತ್ತಿದ್ದ ಮನುಷ್ಯ ಅಷ್ಟು ಮೆದುವಾದ ಗದ್ಯ ಬರೆದರೆಂದು ಆಗ ಆಶ್ಚರ್ಯಪಡುತ್ತಿದ್ದೆವು. ಆಮೇಲೆ ಸಿ.ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲದೇವಿ’ ಬರೆದರು. ನಾಲ್ಕು ಭಾಗ, 1983ರ ಮೂರ್ತಿದೇವಿ ಪ್ರಶಸ್ತಿ. ಅದು ಉದ್ದವಾಯಿತೆನ್ನುವವರಲ್ಲಿ ನಾನೂ ಒಬ್ಬಳು. ಆದರೂ ಒಂದು ವಿಷಯಕ್ಕೆ ಅವರಿಗೆ ಕೈಮುಗಿಯುತ್ತೇನೆ. ಶಾಸನದಲ್ಲಿ ಬೋಕಿಮಯ್ಯ ಎಂಬ ಲೇಖಕನ ಹೆಸರು ಬರುತ್ತದೆ, ಬರೀ ಹೆಸರು. ರಾಯರು ಅವನನ್ನು ಎತ್ತಿ ಬಾಲಕಿ ಶಾಂತಲೆಗೆ ಪಾಠ ಹೇಳುವ ಗುರುವಾಗಿ ಕೂರಿಸಿದರು. ಕಲ್ಲು ಬಾಯಿ ಬಿಡದ ಕಡೆ ಕಥೆ ಹುಟ್ಟಬೇಕಾದ್ದು ಹೀಗೆ. ಕಲ್ಲು ಹೇಳದ ಸಾವನ್ನು ಹೆಣ್ಣಿನ ತಲೆಗೆ ಕಟ್ಟುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ನಿನ್ನ ಕೈಗೆ ಸಿಕ್ಕಿರುವ ಮನೆಯನ್ನಾದರೂ ನೋಡು. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನಳು. ಗಂಡ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸುತ್ತಾನೆ. ಅದೇ ಅಂಗಳದಲ್ಲಿ ಜೈನ ರಾಣಿ ಚೆನ್ನಿಗರಾಯನಿಗೆ ಗುಡಿ ಕಟ್ಟಿಸುತ್ತಾಳೆ. ಇಂದು ನಾವು ಕಪ್ಪೆ ಚೆನ್ನಿಗರಾಯನ ಗುಡಿ ಎನ್ನುವುದು ಅದನ್ನೇ. ಆರು ವರ್ಷ ಕಳೆದು, 1123ರಲ್ಲಿ, ಬೆಳಗೊಳದ ಚಂದ್ರಗಿರಿಯ ಮೇಲೆ ಬಸದಿ ಎಬ್ಬಿಸಿ, ಅದಕ್ಕೆ ತನ್ನ ಬಿರುದನ್ನೇ ಇಡುತ್ತಾಳೆ: ಸವತಿಗಂಧವಾರಣ. ಸವತಿಯರ ಪಾಲಿನ ಮದ್ದಾನೆ! ಒಳಗೆ ಕೂತಿರುವವನು ಶಾಂತಿನಾಥ. ಈ ಬಾಗಿಲ ಮುಂದೆ ನಿನ್ನ ಲೇಖನಿ ನಿಲ್ಲಬೇಕಿತ್ತು, ಪುಟ್ಟಿ. ಸಂಗೀತ ನೃತ್ಯಗಳಲ್ಲಿ ಹೆಸರಾದವಳು, ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ತಲೆಬಾಗಿದವಳು, ಅಂತಃಪುರದಲ್ಲಿ ಮದ್ದಾನೆ ಎನ್ನಿಸಿಕೊಂಡವಳು. ಇವಳು ಮಗನಿಲ್ಲವೆಂದು ಪುಟಗಟ್ಟಲೆ ಅಳುತ್ತಾ ಕೂರುವವಳೇ? ಮುಂದೆ ಪಟ್ಟಕ್ಕೆ ಬಂದ ನರಸಿಂಹ ವಿಷ್ಣುವರ್ಧನನ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗನೆಂಬುದು ನಿಜ. ಅದು ಇತಿಹಾಸಕ್ಕೆ ದೊಡ್ಡ ಸಂಗತಿ. ಶಾಂತಲೆಗೂ ಅಷ್ಟೇ ದೊಡ್ಡದಾಗಿತ್ತೆಂದು ನಿನಗೆ ಯಾರು ಹೇಳಿದರು?

ದರ್ಪಣಸುಂದರಿಯೇ ಶಾಂತಲೆ ಎಂದು ಬೇಲೂರಿನ ಗೈಡುಗಳು ಹೇಳುವುದನ್ನು ನಂಬಿ ರೂಪದ ವರ್ಣನೆ ಹಾಕಿದ್ದೀಯ. ಅದು ಹೋಗಲಿ, ಕನ್ನಡಿ ತುಸು ಕಡಿಮೆ ಮಾಡು. ಆದರೆ ಅರಮನೆಯ ಅಡುಗೆಯವನು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದನ್ನು ಕ್ಷಮಿಸಲಾರೆ. ಅದನ್ನು ತಂದ ಪೋರ್ಚುಗೀಸರು ಕಡಲು ದಾಟಿ ಬರುವುದಕ್ಕೆ ಇನ್ನೂ ಹತ್ತಿರ ಹತ್ತಿರ ನಾನೂರು ವರ್ಷ ಇದೆ ಮಾರಾಯ್ತಿ! ಅವನ ಕೈಗೆ ಕಾಳುಮೆಣಸು ಕೊಡು.

ಶಾಂತಲೆ ತನ್ನ ಹಕ್ಕಿನ ಬಗ್ಗೆ ಇಂದಿನ ಸಭೆಯ ಭಾಷಣದಂತೆ ಮಾತಾಡುವ ಸಾಲುಗಳನ್ನೂ ತೆಗೆ. ಬಸದಿಗೆಂದು ಊರು ಬಿಟ್ಟುಕೊಟ್ಟವಳು ಆಕೆ. ಕೆಲಸಗಾರರನ್ನು ಮಾತಾಡಿಸಿದ್ದು, ಲೆಕ್ಕ ಕೇಳಿದ್ದು, ಕಲ್ಲು ಒಡೆದಾಗ ಸಿಟ್ಟಾದದ್ದು, ಇದನ್ನು ಊಹಿಸಿ ಬರೆ. ಇಂಥ ಊಹೆಗೆ ನನ್ನ ಅಡ್ಡಿಯಿಲ್ಲ.

ಎಪಿಗ್ರಾಫಿಯಾ ಕರ್ನಾಟಿಕಾದ 2ನೇ ಸಂಪುಟ ನನ್ನ ಕಪಾಟಿನಲ್ಲಿದೆ. ದೀಪಾವಳಿ ರಜೆಗೆ ಬಂದಾಗ ತೆಗೆದುಕೊಂಡು ಹೋಗು, ಆದರೆ ಪುಟದ ಮೂಲೆ ಮಡಿಸಬೇಡ. ಒಂದು ದಿನ ಬೆಳಗೊಳಕ್ಕೂ ಹೋಗೋಣ. ಚಂದ್ರಗಿರಿ ಚಿಕ್ಕಬೆಟ್ಟ, ನನ್ನ ಮಂಡಿ ಅಷ್ಟಕ್ಕೆ ಒಪ್ಪುತ್ತದೆ. ಅಲ್ಲಿಯವರೆಗೆ ಶಿವಗಂಗೆಯ ಅಧ್ಯಾಯವನ್ನು ಪಕ್ಕಕ್ಕಿಡು. ಬಸದಿ ಕಟ್ಟಿಸಿದ ಅಧ್ಯಾಯವನ್ನೂ ಮಾಚಿಕಬ್ಬೆಯ ಅಧ್ಯಾಯವನ್ನೂ ಮೊದಲು ಬರೆದು ನನಗೆ ಕಳಿಸು.

ಇಂತು ನಿನ್ನ
ದೊಡ್ಡಮ್ಮ